ಸುಳ್ಳು ನುಡಿಯುವ ಮುಳ್ಳು

ಹಳೆಯ ಕಾರನ್ನು ಸಾಕಿಕೊಂಡವರಿಗೆ ಎಷ್ಟೋ ಬಗೆಯ ಸಂಕಟಗಳುಂಟು. ಇಂಜಿನು ಹೊಗೆಯುಗುಳಿದರೆ ಬೀದಿಗೆಲ್ಲ ತಿಳಿಯುತ್ತದೆ. ಬ್ರೇಕು ಹಿಡಿಯದೆ ಹೋದರೆ ಒಳಗೆ ಕುಳಿತವರ ಎದೆಗೇ ತಿಳಿಯುತ್ತದೆ. ಸ್ಪೀಡಾಮೀಟರು ಕೆಟ್ಟರೆ ಮಾತ್ರ ಅದರ ಗೋಜಿಗೆ ಹೋಗುವವರು ಕಡಿಮೆ. ಮುಳ್ಳು ಅಲುಗದಿದ್ದರೂ ಕಾರು ಓಡುವುದೇನೂ ನಿಲ್ಲುವುದಿಲ್ಲವಲ್ಲ! ಅಜ್ಜನ ಕಾಲದಿಂದ ಮನೆಯಲ್ಲಿರುವ ಮಾರಿಸ್ ಮೈನರಿನಲ್ಲಿ ಅಥವಾ ಅಂಬಾಸಡರಿನಲ್ಲಿ ಈ ಯಂತ್ರವು ಸೊನ್ನೆಯ ಮೇಲೆ ಸತ್ತು ಮಲಗಿದ್ದರೂ, ಇಲ್ಲವೆ ಜ್ವರ ಬಂದವರಂತೆ ನಡುಗುತ್ತಿದ್ದರೂ, ಯಜಮಾನರು ‘ಇರಲಿ, ಅಂದಾಜಿನ ಮೇಲೆ ಓಡಿಸಿದರಾಯಿತು’ ಎಂದು ಸಮಾಧಾನ ಮಾಡಿಕೊಳ್ಳುವುದೇ ಹೆಚ್ಚು.

ಈ ಸಮಾಧಾನ ಅಷ್ಟು ಒಳ್ಳೆಯದಲ್ಲ. ಬ್ರಿಟನ್ನಿನಿಂದ ಬಂದ ಹಳೆಯ ಕಾರುಗಳ ಮೀಟರಿನಲ್ಲಿ ಅಂಕಿಗಳು ಮೈಲಿಯ ಲೆಕ್ಕದವು. ನಮ್ಮ ದೇಶ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ಮಾಡಿ ಮೆಟ್ರಿಕ್ ಪದ್ಧತಿಗೆ ತಿರುಗಿತು. ಮೈಲಿಗಲ್ಲುಗಳು ಹೋಗಿ ಕಿಲೋಮೀಟರ್ ಕಲ್ಲುಗಳು ಬಂದವು. ಆದರೆ ಕಾರಿನೊಳಗಿನ ಮುಳ್ಳಿಗೆ ಆ ಕಾಯಿದೆ ತಿಳಿಯದು. ಶಾಲೆಯ ಮುಂದಿನ ಹಲಗೆ 40 ಎಂದು ಹೇಳಿದರೆ ಅದು ಗಂಟೆಗೆ 40 ಕಿಲೋಮೀಟರು. ಮೀಟರಿನ ಮುಳ್ಳು 40ರ ಮೇಲೆ ನಿಂತಿದ್ದರೆ ಆ ಕಾರು ಓಡುತ್ತಿರುವುದು 64 ಕಿಲೋಮೀಟರ್ ವೇಗದಲ್ಲಿ. ಮೀಟರು ಸರಿಯಾಗಿದ್ದಾಗಲೇ ಇಷ್ಟು ಎಚ್ಚರ ಬೇಕಾದರೆ, ಅದು ಸುಳ್ಳು ನುಡಿಯತೊಡಗಿದಾಗ ಗತಿಯೇನು? ವಾಹನಕ್ಕೆ ವೇಗಮಾಪಕ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯ ವರ್ಕ್‌ಷಾಪಿನಲ್ಲಿ ಕಾದಿರುತ್ತದೆ. ‘ಮೀಟರ್ ಹೋಗಿದೆ ಸಾರ್, ಬೇರೆ ಹಾಕಿಬಿಡೋಣ’ ಎಂಬ ಮಾತನ್ನು ಕೇಳದ ಹಳೆ ಕಾರಿನ ಮಾಲೀಕರು ವಿರಳ. ಬೇರೆ ಮೀಟರು ಬರುತ್ತದೆ. ಮೂಲದ್ದು ಗುಜರಿಗೆ ಹೋಗುತ್ತದೆ. ಅದರೊಂದಿಗೆ ಆ ಕಾರು ಅಲ್ಲಿಯವರೆಗೆ ಓಡಿದ ದೂರದ ಲೆಕ್ಕವೂ ಹೋಗುತ್ತದೆ. ತಮಾಷೆಯ ಸಂಗತಿಯೆಂದರೆ, ಹೀಗೆ ಬಿಸಾಡಿದ ಮೀಟರುಗಳಲ್ಲಿ ಅನೇಕವು ಕೆಟ್ಟಿರುವುದೇ ಇಲ್ಲ. ರೋಗ ಇದ್ದದ್ದು ಕೆಳಗಿನ ಕೇಬಲಿನಲ್ಲಿ. ಶಸ್ತ್ರಚಿಕಿತ್ಸೆಯಾದದ್ದು ಮೇಲಿನ ತಲೆಗೆ!

ಮುಟ್ಟದೆ ಎಳೆಯುವ ಅಯಸ್ಕಾಂತ

ಈ ಯಂತ್ರದ ಒಳಗುಟ್ಟು ತಿಳಿದರೆ ಅರ್ಧ ರೋಗ ಕುಳಿತಲ್ಲೇ ಗೊತ್ತಾಗುತ್ತದೆ. ಗುಟ್ಟು ಕಷ್ಟದ್ದೇನೂ ಅಲ್ಲ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಒಂದು ಪುಟ್ಟ ಹಲ್ಲುಗಾಲಿ ಇರುತ್ತದೆ. ಹಿಂದಿನ ಗಾಲಿಗಳಿಗೆ ಶಕ್ತಿಯನ್ನೊಯ್ಯುವ ದಂಡ ತಿರುಗಿದಂತೆಲ್ಲ ಇದೂ ತಿರುಗುತ್ತದೆ. ಇದಕ್ಕೆ ಸಿಕ್ಕಿಸಿರುವ ಉದ್ದನೆಯ ಕೇಬಲು ಕಾರಿನ ತಳದಲ್ಲಿ ಹಾದು, ತಡಿಕೆಯನ್ನು ತೂರಿ, ಮೀಟರಿನ ಬೆನ್ನಿಗೆ ಬಂದು ಸೇರುತ್ತದೆ. ಕೇಬಲಿನ ಹೊರಗಿನ ಕವಚ ಅಲುಗುವುದಿಲ್ಲ. ಅದರೊಳಗಿನ ತಂತಿ ಮಾತ್ರ ಗಿರಗಿರನೆ ಸುತ್ತುತ್ತಿರುತ್ತದೆ. ಈ ಒಳತಂತಿಯನ್ನು ಸಣ್ಣ ಉಕ್ಕಿನ ಎಳೆಗಳನ್ನು ಪದರದ ಮೇಲೆ ಪದರವಾಗಿ, ಒಂದು ಎಡಕ್ಕಾದರೆ ಇನ್ನೊಂದು ಬಲಕ್ಕೆ ಎಂಬಂತೆ, ಸುತ್ತಿ ಮಾಡಿರುತ್ತಾರೆ. ಬಾಗಿದರೂ ತಿರುಗುವ ಶಕ್ತಿ ಅದಕ್ಕೆ ಬಂದದ್ದು ಈ ನೇಯ್ಗೆಯಿಂದ.

ಮೀಟರಿನೊಳಗೆ ಈ ತಂತಿ ಒಂದು ಅಯಸ್ಕಾಂತವನ್ನು ಸುತ್ತಿಸುತ್ತದೆ. ಅಯಸ್ಕಾಂತದ ಸುತ್ತ, ಅದನ್ನು ಮುಟ್ಟದಂತೆ, ಹಗುರವಾದ ಒಂದು ಅಲ್ಯುಮಿನಿಯಂ ಬಟ್ಟಲು. ಬಟ್ಟಲಿನ ಕಡ್ಡಿಯ ತುದಿಯಲ್ಲಿ ಮುಳ್ಳು. ಅಲ್ಯುಮಿನಿಯಮ್ಮು ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ಅಯಸ್ಕಾಂತ ಪಕ್ಕದಲ್ಲಿ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಆ ಸುಳಿಗಳು ಬಟ್ಟಲನ್ನು ಅಯಸ್ಕಾಂತದ ಹಿಂದೆ ಎಳೆಯುತ್ತವೆ. ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗು ‘ಹೋಗಬೇಡ’ ಎಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎಳೆದಾಟ ಎಲ್ಲಿ ಸಮವಾಗುವುದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಎಳೆತವೂ ಹೆಚ್ಚುವುದರಿಂದ ಮುಳ್ಳು ಮೇಲೇರುತ್ತದೆ.

ಫ್ರಾನ್ಸಿನ ಅರಗೋ ಎಂಬ ವಿಜ್ಞಾನಿ ತಿರುಗುವ ತಾಮ್ರದ ತಟ್ಟೆ ಅಯಸ್ಕಾಂತದ ಸೂಜಿಯನ್ನು ತನ್ನೊಡನೆ ಎಳೆದೊಯ್ಯುವ ವಿಚಿತ್ರವನ್ನು ಕಂಡದ್ದು 1824ರ ಸುಮಾರಿಗೆ. ಅದೇಕೆ ಹಾಗೆಂಬುದಕ್ಕೆ ಉತ್ತರ ಸಿಕ್ಕಿದ್ದು 1831ರಲ್ಲಿ ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಮೇಲೆ. ಆ ತತ್ತ್ವವನ್ನು ವಾಹನದ ವೇಗ ಅಳೆಯಲು ಹೂಡಿ ಜರ್ಮನಿಯ ಓಟೋ ಷುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ. ಮನೆಯ ಗೋಡೆಯ ಮೇಲೆ ಹಿಂದೆಲ್ಲ ಇರುತ್ತಿದ್ದ ವಿದ್ಯುತ್ ಮೀಟರಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದ ಅಲ್ಯುಮಿನಿಯಂ ತಟ್ಟೆಯನ್ನು ನೆನೆದುಕೊಂಡರೆ, ಅದೂ ಇದೂ ಒಂದೇ ಮನೆತನದ ಮಕ್ಕಳೆಂಬುದು ಹೊಳೆಯುತ್ತದೆ.

ಅದೇ ಕೇಬಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅಯಸ್ಕಾಂತದ ಕಡ್ಡಿಯಿಂದಲೇ ಸಣ್ಣ ಸಣ್ಣ ಹಲ್ಲುಗಾಲಿಗಳ ಒಂದು ಸಾಲು ಹೊರಟು, ಓಡಿದ ದೂರವನ್ನೆಣಿಸುವ ಅಂಕಿಯ ಉರುಳೆಗಳನ್ನು ತಿರುಗಿಸುತ್ತದೆ. ಅಂದರೆ ಮುಳ್ಳಿಗೂ ಅಂಕಿಗಳಿಗೂ ಕೆಳಗಿನ ದಾರಿ ಒಂದೇ. ಮೇಲೆ ಬಂದ ಮೇಲೆ ದಾರಿ ಎರಡು. ಪರೀಕ್ಷೆಯ ಕೀಲಿಕೈ ಇರುವುದು ಇಲ್ಲಿಯೇ.

ಮುಳ್ಳೂ ಸತ್ತು, ಅಂಕಿಗಳೂ ನಿಂತಿದ್ದರೆ ದೋಷ ಎರಡಕ್ಕೂ ಸಮಾನವಾದ ದಾರಿಯಲ್ಲಿದೆ. ಎಂದರೆ ಬಹುಮಟ್ಟಿಗೆ ಕೇಬಲು ತುಂಡಾಗಿದೆ, ಇಲ್ಲವೆ ಗೇರ್‌ಬಾಕ್ಸಿನ ಪುಟ್ಟ ಹಲ್ಲುಗಾಲಿ ಸವೆದಿದೆ. ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ಏಳದಿದ್ದರೆ ಕೇಬಲು ನಿರಪರಾಧಿ. ಬಟ್ಟಲೋ ಸ್ಪ್ರಿಂಗೋ ಕೆಟ್ಟಿರಬೇಕು. ಮುಳ್ಳು ಸರಿಯಾಗಿದ್ದು ಅಂಕಿಗಳು ಕದಲದಿದ್ದರೆ ಹಲ್ಲುಗಾಲಿಗಳ ಸಾಲಿನಲ್ಲಿ ಒಂದು ಹಲ್ಲು ಮುರಿದಿದೆಯೆಂದೇ ತಿಳಿಯಬೇಕು. ಕಾರನ್ನು ಅರ್ಧ ಫರ್ಲಾಂಗು ಓಡಿಸಿ ಈ ಎರಡನ್ನೂ ನೋಡಲು ಸ್ಪ್ಯಾನರೂ ಬೇಡ, ಮೆಕ್ಯಾನಿಕ್ಕೂ ಬೇಡ.

ಕೇಬಲಿನ ಕಥೆ

ಮುಳ್ಳು ನಡುಗುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾಯಿಲೆ. ಮೂವತ್ತರಿಂದ ಐವತ್ತಕ್ಕೆ, ಐವತ್ತರಿಂದ ಇಪ್ಪತ್ತಕ್ಕೆ ಅದು ಹಾರಾಡುತ್ತಿದ್ದರೆ ಹಿಂದೆ ಕುಳಿತ ಮಕ್ಕಳಿಗೇನೋ ಮೋಜು. 1954ರ ಕೊನೆಯಿಂದ ತಯಾರಾದ ಮಾರಿಸ್ ಮೈನರುಗಳಲ್ಲಿ ಮೀಟರನ್ನು ಚಾಲಕನ ಮುಂದೆ ಇಡದೆ ಕಾರಿನ ನಟ್ಟನಡುವೆ ಇಟ್ಟಿದ್ದರು. ಆದ್ದರಿಂದ ಮುಳ್ಳಿನ ಕುಣಿತವೂ, ಯಜಮಾನರ ನಿಜವಾದ ವೇಗವೂ ಮನೆಮಂದಿಗೆಲ್ಲ ಕಾಣುವಂತಾಯಿತು. ಎಷ್ಟು ಮನೆಗಳಲ್ಲಿ ಇದರಿಂದ ಮಾತಿಗೆ ಮಾತು ಬೆಳೆಯಿತೋ!

ಈ ನಡುಕಕ್ಕೆ ಮೀಟರು ಕಾರಣವಾಗಿರುವುದು ಅಪರೂಪ. ಒಳತಂತಿ ಒಣಗಿದ್ದರೆ ಅದು ಕವಚಕ್ಕೆ ಒಂದು ಕ್ಷಣ ಕಚ್ಚಿಕೊಳ್ಳುತ್ತದೆ. ಮುಂದಿನ ಕ್ಷಣ ಬಿಡಿಸಿಕೊಂಡು ಚಂಗನೆ ತಿರುಗುತ್ತದೆ. ಕೆಳಗಿನ ತುದಿ ಸಮನಾಗಿ ಸುತ್ತುತ್ತಿದ್ದರೂ ಮೇಲಿನ ತುದಿ ಹೀಗೆ ನಿಂತು ನಿಂತು ಓಡುವುದರಿಂದ ಮುಳ್ಳು ಹಾರುತ್ತದೆ. ಕೇಬಲನ್ನು ಎಲ್ಲಾದರೂ ಅತಿಯಾಗಿ ಬಗ್ಗಿಸಿದ್ದರೂ ಇದೇ ಫಲ. ಯಾರೋ ರೇಡಿಯೋ ಕೂರಿಸುವಾಗ, ಅಥವಾ ವೈರು ಸರಿಪಡಿಸುವಾಗ, ಕೇಬಲನ್ನು ಪಕ್ಕಕ್ಕೆ ತಳ್ಳಿ ಮಡಿಸಿ ಬಿಟ್ಟಿರುತ್ತಾರೆ. ಅಂದಿನಿಂದ ನಡುಕ ಆರಂಭ. ಆರು ಅಂಗುಲ ತ್ರಿಜ್ಯದ ವೃತ್ತಕ್ಕಿಂತ, ಅಂದರೆ ದೊಡ್ಡ ಊಟದ ತಟ್ಟೆಯ ಅಂಚಿಗಿಂತ, ಇಕ್ಕಟ್ಟಾದ ತಿರುವು ಕೇಬಲಿಗೆ ಎಲ್ಲಿಯೂ ಇರಬಾರದು.

ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಬ್ಯಾಟರಿಯ ಒಂದು ತಂತಿಯನ್ನು ಕಳಚಿಡಬೇಕು. ಮೀಟರಿನ ಬೆನ್ನಲ್ಲಿ ದೀಪಗಳ ವೈರುಗಳಿರುವುದರಿಂದ ಈ ಎಚ್ಚರ. ಮೀಟರಿನ ಹಿಂದಕ್ಕೆ ಕೈಯಿಟ್ಟರೆ ಅಂಚಿನಲ್ಲಿ ಗೀರುಗಳಿರುವ ಒಂದು ನಟ್ಟು ಸಿಗುತ್ತದೆ. ಅದನ್ನು ಬೆರಳಲ್ಲೇ ಬಿಚ್ಚಬೇಕು, ಮರಳಿ ಹಾಕುವಾಗಲೂ ಬೆರಳಲ್ಲೇ ಬಿಗಿಸಬೇಕು; ಇಕ್ಕಳ ಹಾಕಿ ಬಿಗಿದವರು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ. ಕವಚದ ತುದಿಯಿಂದ ಒಳತಂತಿ ಒಂದು ಅಂಗುಲದ ಎಂಟರಲ್ಲಿ ಮೂರು ಭಾಗದಷ್ಟು ಹೊರಗೆ ಚಾಚಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ತಂತಿಯ ಚೌಕಾಕಾರದ ತುದಿ ಮೀಟರಿನ ಕುಳಿಯೊಳಗೆ ಪೂರ್ತಿ ಕೂರದೆ, ಕೆಲವೊಮ್ಮೆ ಹಿಡಿದು ಕೆಲವೊಮ್ಮೆ ಬಿಡುತ್ತದೆ. ಚೌಕದ ಮೂಲೆಗಳು ಸವೆದು ಗುಂಡಗಾಗಿದ್ದರೂ ಅಷ್ಟೆ.

ಈ ಸ್ಥಿತಿಯಲ್ಲಿಯೇ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಸಮತಟ್ಟಾದ ಜಾಗದಲ್ಲಿ ಇಬ್ಬರು ಕಾರನ್ನು ಮೆಲ್ಲಗೆ ತಳ್ಳಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಒಬ್ಬರು ಒಳಗಿರತಕ್ಕದ್ದು. ತಂತಿಯ ತುದಿ ತಿರುಗಿದರೆ ಕೆಳಗಿನ ದಾರಿಯೆಲ್ಲ ಸುಗಮವಾಗಿದೆಯೆಂದಾಯಿತು. ತಿರುಗದಿದ್ದರೆ ತಂತಿಯನ್ನು ಮೇಲಿನಿಂದ ಎಳೆದು ನೋಡಬೇಕು. ಅರ್ಧ ತಂತಿ ಮಾತ್ರ ಕೈಗೆ ಬಂದರೆ ಕಾರಣ ಕೇಳಬೇಕಾದದ್ದಿಲ್ಲ. ಪೂರ್ತಿ ಬಂದು, ಎರಡೂ ತುದಿ ಸರಿಯಾಗಿದ್ದರೆ ಆಗ ಸಂಶಯ ಗೇರ್‌ಬಾಕ್ಸಿನ ಹಲ್ಲುಗಾಲಿಯ ಮೇಲೆ ಹೋಗಬೇಕು.

ಹೊರತೆಗೆದ ತಂತಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊಟದ ಮೇಜಿನ ಮೇಲೆ (ಮನೆಯವರ ಅಪ್ಪಣೆ ಪಡೆದು, ಹಳೆಯ ಪತ್ರಿಕೆ ಹಾಸಿ) ಉದ್ದಕ್ಕೆ ಇಟ್ಟು ಅಂಗೈಯಿಂದ ಉರುಳಿಸಬೇಕು. ನೆಟ್ಟಗಿರುವ ತಂತಿ ಸದ್ದಿಲ್ಲದೆ ಉರುಳುತ್ತದೆ. ಎಲ್ಲಾದರೂ ಸೊಟ್ಟ ಬಿದ್ದಿದ್ದರೆ ಆ ಜಾಗದಲ್ಲಿ ಮೇಲೆದ್ದು ಮೇಜಿಗೆ ಪಟಪಟನೆ ಬಡಿಯುತ್ತದೆ. ಒಮ್ಮೆ ಸೊಟ್ಟಗಾದ ತಂತಿಯನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೊರಡುವುದು ವ್ಯರ್ಥ. ಹೊಸ ಕೇಬಲು ತರುವುದೇ ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ‘ಮೀಟರ್ ಕೇಬಲ್’ ಎಂದು ಕೇಳಿದರೆ ಸಾಕು, ಆದರೆ ಹಳೆಯದನ್ನು ಜೊತೆಗೆ ಒಯ್ದು ಉದ್ದವನ್ನೂ ಎರಡು ತುದಿಗಳನ್ನೂ ತಾಳೆ ನೋಡಿ ಕೊಳ್ಳಬೇಕು. ಉದ್ದ ಹೆಚ್ಚಾದ ಕೇಬಲು ತಾನೇ ಒಂದು ಹೊಸ ತಿರುವನ್ನು ಹುಟ್ಟಿಸಿಕೊಳ್ಳುತ್ತದೆ.

ಇನ್ನು ಗ್ರೀಸು. ಇಲ್ಲಿ ಔದಾರ್ಯ ತೋರಿಸಿದವರು ಕೆಟ್ಟರು. ತಂತಿಗೆ ತೆಳುವಾಗಿ ಗ್ರೀಸು ಸವರಿ ಕವಚದೊಳಗೆ ಕಳಿಸಿದ ಮೇಲೆ, ಮೇಲಿನ ತುದಿಯನ್ನು ಎಂಟು ಅಂಗುಲದಷ್ಟು ಹೊರಗೆಳೆದು ಅಲ್ಲಿಯ ಗ್ರೀಸನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಏಕೆಂದರೆ ಒಳತಂತಿಯ ಮೈ ಸ್ಕ್ರೂವಿನ ಮೈಯಂತೆ ಸುರುಳಿ ಸುರುಳಿಯಾಗಿದೆ. ತಿರುಗುತ್ತ ತಿರುಗುತ್ತ ಅದು ಗ್ರೀಸನ್ನು ಮೇಲಕ್ಕೆ ಏರಿಸಿ ಮೀಟರಿನೊಳಕ್ಕೆ ತುಂಬುತ್ತದೆ. ಗೇರ್‌ಬಾಕ್ಸಿನ ಬಳಿಯ ಆಯಿಲ್ ಸೀಲು ಸವೆದಿದ್ದರಂತೂ ಗೇರೆಣ್ಣೆಯೇ ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಚಾಲಕನ ಪಾದದ ಮೇಲೆ ಎಲ್ಲಿಂದಲೋ ತೊಟ್ಟಿಕ್ಕುವ ಎಣ್ಣೆಗೂ, ಗಾಜಿನ ಒಳಗೆ ಮೂಡುವ ಕಲೆಗೂ ಇದೇ ಮೂಲ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಬರಿಯ ಗಾಳಿ ಇರಬೇಕಾದ ಕಡೆ ಜಿಡ್ಡು ಸೇರಿದರೆ, ಬಟ್ಟಲನ್ನು ಎಳೆಯುವ ಕೆಲಸಕ್ಕೆ ವಿದ್ಯುತ್ತಿನ ಸುಳಿಗಳೇ ಬೇಕಾಗುವುದಿಲ್ಲ, ಜಿಡ್ಡೇ ಎಳೆಯುತ್ತದೆ. ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತಿರುವ ಕಾರಿನ ಮುಳ್ಳು 80ಕ್ಕೆ ಹೋಗಿ ಅಂಟಿಕೊಳ್ಳುವ ಚಮತ್ಕಾರ ನಡೆಯುವುದು ಹೀಗೆ.

ಕಾಣದ ಸುಳ್ಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ರೋಗಗಳು. ಹೆಚ್ಚು ಅಪಾಯಕಾರಿಯಾದದ್ದು ಬೇರೆ: ಮುಳ್ಳು ಗಂಭೀರವಾಗಿ ಏರುತ್ತದೆ, ಗಂಭೀರವಾಗಿ ಇಳಿಯುತ್ತದೆ, ಆದರೆ ತೋರಿಸುವುದೆಲ್ಲ ತಪ್ಪು.

ಇದನ್ನು ಹಿಡಿಯಲು ಸೆಕೆಂಡಿನ ಮುಳ್ಳಿರುವ ಗಡಿಯಾರವೂ, ಲೆಕ್ಕದಲ್ಲಿ ಚುರುಕಾದ ಒಂದು ಮಗುವೂ ಇದ್ದರೆ ಸಾಕು. ಬಿಡುವಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಹಿಡಿದ ಸೆಕೆಂಡುಗಳನ್ನು ಎಣಿಸಿ, ಆ ಸಂಖ್ಯೆಯಿಂದ 3600ನ್ನು ಭಾಗಿಸಬೇಕು. 90 ಸೆಕೆಂಡು ಹಿಡಿದರೆ ವೇಗ ಗಂಟೆಗೆ 40 ಕಿಲೋಮೀಟರು. ಮೈಲಿಯ ಮೀಟರು ಆಗ 25 ಎನ್ನಬೇಕು. 60 ಸೆಕೆಂಡಾದರೆ 60 ಕಿಲೋಮೀಟರು. ಮುಳ್ಳು 37ರ ಹತ್ತಿರ ಇರಬೇಕು. ಕಲ್ಲುಗಳು ಸರಿಯಾದ ಜಾಗದಲ್ಲಿ ಇಲ್ಲದಿರುವುದೂ ಉಂಟಾದ್ದರಿಂದ ಐದಾರು ಕಲ್ಲುಗಳ ಸರಾಸರಿ ತೆಗೆಯುವುದು ಕ್ಷೇಮ. ಇಂದು ಮೊಬೈಲ್ ಫೋನು ಉಪಗ್ರಹಗಳ ನೆರವಿನಿಂದ ವೇಗವನ್ನು ತಾನೇ ಹೇಳುತ್ತದೆ, ನಿಜ. ಆದರೆ ಫೋನನ್ನು ನೋಡುವ ಕೆಲಸ ಚಾಲಕನದಾಗದಿರಲಿ.

ಹೀಗೆ ನೋಡಿದಾಗ ಮುಳ್ಳು ಎಲ್ಲ ವೇಗದಲ್ಲಿಯೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಮೊದಲು ಟೈರುಗಳತ್ತ ತಿರುಗಬೇಕು. ಮೂಲದ ಅಳತೆಯ ಟೈರು ಸಿಗದೆ ಸಿಕ್ಕಿದ್ದನ್ನು ಹಾಕಿಸಿಕೊಂಡ ಹಳೆಯ ಕಾರುಗಳು ಬಹಳ. ಟೈರು ನೂರಕ್ಕೆ ಐದರಷ್ಟು ಚಿಕ್ಕದಾದರೆ ಗಾಲಿ ಅಷ್ಟು ಹೆಚ್ಚು ಸುತ್ತು ಹಾಕಿ ಮುಳ್ಳು ಅಷ್ಟು ಹೆಚ್ಚು ತೋರಿಸುತ್ತದೆ. ಇದರಿಂದ ಹಾನಿಯಿಲ್ಲ, ಯಜಮಾನರು ನಿಧಾನವಾಗಿ ಹೋಗುತ್ತಾರೆ, ಅಷ್ಟೆ. ಟೈರು ದೊಡ್ಡದಾದರೆ ಮಾತ್ರ ಮೀಟರು ಹೇಳುವುದಕ್ಕಿಂತ ಕಾರು ಹೆಚ್ಚು ವೇಗವಾಗಿ ಓಡುತ್ತಿರುತ್ತದೆ. ಮುಪ್ಪಿನಿಂದ ಅಯಸ್ಕಾಂತದ ಶಕ್ತಿ ಕುಂದಿದರೂ ಫಲ ಇದೇ.

ಟೈರು ಸರಿಯಾಗಿದ್ದೂ ತಪ್ಪು ದೊಡ್ಡದಾಗಿದ್ದರೆ, ಎಂದೋ ಯಾರೋ ಬೇರೆ ಕಾರಿನ ಮೀಟರನ್ನು ತಂದು ಜೋಡಿಸಿರಬೇಕೆಂದು ಊಹಿಸಬಹುದು. ನೋಡಲು ಎಲ್ಲವೂ ಒಂದೇ. ಕೇಬಲೂ ಚೆನ್ನಾಗಿ ಕೂರುತ್ತದೆ. ಆದರೆ ಮೈನರು ಮೊದಲಾದ ಬ್ರಿಟಿಷ್ ಕಾರುಗಳಲ್ಲಿರುವ ಸ್ಮಿತ್ಸ್ ಮೀಟರಿನ ಮುಖವನ್ನು ಭೂತಗನ್ನಡಿಯಿಂದ ನೋಡಿದರೆ ಕೆಳಗಡೆ ಸಣ್ಣ ಅಕ್ಷರದಲ್ಲಿ ಮೀಟರಿನ ನಂಬರಿನ ಜೊತೆಗೆ ಸಾವಿರದ ಆಸುಪಾಸಿನ ಇನ್ನೊಂದು ಅಂಕಿ ಕಾಣುತ್ತದೆ. ಕಾರು ಒಂದು ಮೈಲಿ ಓಡುವಷ್ಟರಲ್ಲಿ ಕೇಬಲು ಎಷ್ಟು ಸುತ್ತು ಸುತ್ತಬೇಕು ಎಂಬ ಲೆಕ್ಕ ಅದು. ಒಂದು ಕಾರಿನ ಕೇಬಲು ಮೈಲಿಗೆ 1000 ಸುತ್ತು ಸುತ್ತುತ್ತದೆ, ಅದಕ್ಕೆ 1600ರ ಮೀಟರನ್ನು ಹಾಕಿದ್ದಾರೆ ಎನ್ನೋಣ. ಕಾರು ನಿಜವಾಗಿ 60 ಮೈಲಿ ವೇಗದಲ್ಲಿದ್ದಾಗ ಮುಳ್ಳು 37½ರಲ್ಲಿ ನಿಂತಿರುತ್ತದೆ! ನೂರು ಮೈಲಿ ಓಡಿದ ಮೇಲೆ ಅಂಕಿಗಳು ಅರವತ್ತೆರಡೂವರೆಯನ್ನಷ್ಟೇ ತೋರಿಸುತ್ತವೆ. ಕಾರು ಕೊಳ್ಳುವವರಿಗೆ ಇದು ಎಂಥ ಮೋಸವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರಿಗೆ ಬೇಕಾದ ಅಂಕಿಯನ್ನು ಮನೆಯಂಗಳದಲ್ಲಿಯೇ ಕಂಡುಹಿಡಿಯಬಹುದು. ಮೊದಲಿನಂತೆ ಕೇಬಲನ್ನು ಮೀಟರಿನಿಂದ ಬಿಡಿಸಿ, ಒಳತಂತಿಯ ತುದಿಗೆ ಕಾಗದದ ಒಂದು ಬಾವುಟ ಸಿಕ್ಕಿಸಬೇಕು. ಹಿಂದಿನ ಗಾಲಿಯ ಮೇಲೆ ಸೀಮೆಸುಣ್ಣದ ಗುರುತು ಮಾಡಿ, ಗಾಲಿ ಸರಿಯಾಗಿ ಆರು ಸುತ್ತು ಸುತ್ತುವಂತೆ ಕಾರನ್ನು ನೇರವಾಗಿ ತಳ್ಳಬೇಕು. ಮೈನರಿನಂಥ ಕಾರಿಗೆ 38 ಅಡಿಯಷ್ಟು ಜಾಗ ಬೇಕಾದೀತು. ಅಷ್ಟರಲ್ಲಿ ಬಾವುಟ ಎಷ್ಟು ಸುತ್ತಿತೆಂದು, ಅರ್ಧ ಕಾಲು ಸುತ್ತುಗಳನ್ನೂ ಬಿಡದೆ ಎಣಿಸಬೇಕು. ಗಾಲಿಯ ನಡುವಿನಿಂದ ನೆಲಕ್ಕೆ ಎಷ್ಟು ಅಂಗುಲವೆಂದು ಅಳೆಯಬೇಕು. ಬಾವುಟದ ಸುತ್ತುಗಳನ್ನು 1680ರಿಂದ ಗುಣಿಸಿ, ಬಂದದ್ದನ್ನು ಈ ಅಂಗುಲಗಳಿಂದ ಭಾಗಿಸಿದರೆ ಉತ್ತರ ಸಿದ್ಧ. ಬಾವುಟ 8 ಸುತ್ತು ಸುತ್ತಿ, ಎತ್ತರ 12 ಅಂಗುಲವಿದ್ದರೆ ಉತ್ತರ 1120. ಮೀಟರಿನ ಮುಖದ ಅಂಕಿ ಇದಕ್ಕೆ ಇಪ್ಪತ್ತು ಇಪ್ಪತ್ತೈದರ ಹಿಂದುಮುಂದಿದ್ದರೆ ಚಿಂತೆಯಿಲ್ಲ. ನೂರಾರು ವ್ಯತ್ಯಾಸವಿದ್ದರೆ ಆ ಮೀಟರು ಆ ಕಾರಿನದಲ್ಲ. ತಳ್ಳುವುದಕ್ಕೆ ಸೋಮಾರಿತನ ಮಾಡಿ ಜಾಕಿನಿಂದ ಒಂದೇ ಗಾಲಿಯನ್ನು ಎತ್ತಿ ತಿರುಗಿಸಿದರೆ ಲೆಕ್ಕ ಕೆಡುತ್ತದೆ. ಇನ್ನೊಂದು ಗಾಲಿ ನೆಲದಲ್ಲಿ ನಿಂತಿರುವಾಗ ಕೇಬಲು ಅರ್ಧದಷ್ಟೇ ಸುತ್ತುತ್ತದೆ.

ಎಲ್ಲ ಪರೀಕ್ಷೆಗಳೂ ಮುಗಿದು, ದೋಷ ಮೀಟರಿನೊಳಗೇ ಇದೆಯೆಂದು ಖಚಿತವಾದರೆ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಕೂದಲೆಳೆಯ ಸ್ಪ್ರಿಂಗು ಒಮ್ಮೆ ಬೆರಳಿಗೆ ತಾಗಿದರೆ ಹೋಯಿತು. ಅದಕ್ಕಿಂತ ಮಿಗಿಲಾದ ಕಾರಣವೂ ಉಂಟು. 1930ರಿಂದ 1950ರ ದಶಕದವರೆಗಿನ ಕೆಲವು ಮೀಟರುಗಳಲ್ಲಿ ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಹಚ್ಚುತ್ತಿದ್ದರು. ಹೊಳಪು ಆರಿಹೋಗಿದ್ದರೂ ರೇಡಿಯಂ ಆರುವುದಿಲ್ಲ. ಸಾವಿರಾರು ವರ್ಷ ವಿಕಿರಣ ಸೂಸುತ್ತಿರುತ್ತದೆ. ಗಾಜಿನ ಹಿಂದೆ ಮುಚ್ಚಿ ಇರುವವರೆಗೆ ಅದನ್ನು ಕೆದಕದಿರುವುದೇ ಒಳಿತು. ಉದುರಿದ ಪುಡಿಯನ್ನು ಊದುವುದು, ಕೆರೆಯುವುದು, ಮಕ್ಕಳ ಕೈಗೆ ಕೊಡುವುದು ಸಲ್ಲದು.

ಮೀಟರು ದುರಸ್ತಿ ಮಾಡುವ ನುರಿತ ಕೈಗಳು ದೊಡ್ಡ ಊರುಗಳಲ್ಲಿ ಇಂದಿಗೂ ಅಷ್ಟಿಷ್ಟು ಉಳಿದಿವೆ. ಅವರನ್ನು ಹುಡುಕಿಕೊಂಡು ಹೋಗುವ ಶ್ರಮಕ್ಕೆ ಈಗ ಇನ್ನೊಂದು ಪ್ರಯೋಜನವೂ ಸೇರಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ಕಾರುಗಳಿಗೆ ವಿಂಟೇಜ್ ವಾಹನವೆಂಬ ಬೇರೆಯೇ ವರ್ಗವನ್ನು ಕಲ್ಪಿಸಿವೆ. ಮೂಲದ ಮೀಟರು ಮೂಲದ ಜಾಗದಲ್ಲಿರುವುದು ಆ ಸ್ವರೂಪದ ಒಂದು ಅಂಗವೇ ಸರಿ.

ದುರಸ್ತಿಗೆ ಕೊಡುವ ಮುನ್ನ ಅಂಕಿಯ ಉರುಳೆಗಳಲ್ಲಿರುವ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೀಟರಿನ ಮುಖದ ಒಂದು ಛಾಯಾಚಿತ್ರವನ್ನೂ ತೆಗೆದಿಡಬೇಕು. ಬಿಚ್ಚಿ ಜೋಡಿಸುವಾಗ ಉರುಳೆಗಳು ಜರುಗುವುದು ಸಹಜ. ‘ಸೊನ್ನೆ ಮಾಡಿಕೊಡಲೇ ಸಾರ್, ಹೊಸದರಂತೆ ಕಾಣುತ್ತದೆ’ ಎಂದು ಕೇಳುವವರೂ ಇದ್ದಾರೆ. ಬೇಡವೆಂದು ಹೇಳಿ, ಚೀಟಿಯಲ್ಲಿರುವ ಸಂಖ್ಯೆಯನ್ನೇ ಮರಳಿ ಕೂರಿಸುವಂತೆ ಮೊದಲೇ ತಿಳಿಸಬೇಕು. ಮೀಟರು ಹಿಂದಿರುಗಿ ಬಂದ ದಿನ ಕೇಬಲಿನ ಮೇಲಿನ ಎಂಟು ಅಂಗುಲವನ್ನು ಇನ್ನೊಮ್ಮೆ ಒರೆಸಿ, ನಟ್ಟನ್ನು ಬೆರಳಲ್ಲೇ ಬಿಗಿಸಿ, ಕಿಲೋಮೀಟರ್ ಕಲ್ಲುಗಳ ನಡುವೆ ಗಡಿಯಾರ ಹಿಡಿದು ಮತ್ತೊಮ್ಮೆ ಹೋಗಿ ಬರಬೇಕು.